ಉಪಕರಣದ ಹೊಳಪೂ ಅಭ್ಯಾಸದ ಸವೆತವೂ

ವಿದ್ಯೆಯೊಂದನ್ನು ಕಲಿಯತೊಡಗಿದವನು ಆ ವಿದ್ಯೆಯ ಉಪಕರಣಕ್ಕೆ ಎಷ್ಟರಮಟ್ಟಿಗೆ ಉಪಚಾರ ಮಾಡಬೇಕು? ಆ ಉಪಚಾರವು ಎಲ್ಲಿಯವರೆಗೆ ವಿದ್ಯೆಯ ಸೇವೆ, ಎಲ್ಲಿಂದ ಮುಂದೆ ವಿದ್ಯೆಯಿಂದ ತಪ್ಪಿಸಿಕೊಳ್ಳುವ ಉಪಾಯ? ಪ್ರಶ್ನೆ ಚಿಕ್ಕದೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಮಕ್ಕಳ ಕೈಗೆ ವಾದ್ಯ ಕೊಡಿಸುವ ತಂದೆತಾಯಿಗಳಿಗೂ ಬಸದಿಯ ಜೀರ್ಣೋದ್ಧಾರಕ್ಕಾಗಿ ಹಣ ಕೂಡಿಸುವ ಧರ್ಮದರ್ಶಿಗಳಿಗೂ ಇದು ಒಂದೇ ಪ್ರಶ್ನೆ. ಇದನ್ನು ವಿಚಾರಿಸುವುದಕ್ಕೆ ಒಂದು ಲೌಕಿಕ ದೃಷ್ಟಾಂತವನ್ನು ತೆಗೆದುಕೊಳ್ಳುತ್ತೇನೆ.

ಒಬ್ಬ ತರುಣನು ವಿದ್ಯುತ್ ಗಿಟಾರ್ ಕಲಿಯತೊಡಗಿದ್ದಾನೆ ಎಂದಿಟ್ಟುಕೊಳ್ಳೋಣ. ಬೆರಳಿನ ಪಾಠ ಇನ್ನೂ ಹಿಡಿತಕ್ಕೆ ಬಂದಿಲ್ಲ. ಆದರೂ ದಿನವೂ ಸಂಜೆ ಕಾರಿಗೆ ಹಚ್ಚುವ ಮೇಣದ ಡಬ್ಬಿಯನ್ನು ತೆರೆದು, ವಾದ್ಯದ ಮೈಗೆ ತೆಳ್ಳಗೆ ಸವರಿ, ಮೆತ್ತನೆಯ ಬಟ್ಟೆಯಿಂದ ಉಜ್ಜಿ, ತನ್ನ ಮುಖ ಕಾಣುವಷ್ಟು ಹೊಳಪು ಬರಿಸುತ್ತಾನೆ. ಅಷ್ಟರಲ್ಲಿ ಊಟದ ಹೊತ್ತಾಗುತ್ತದೆ. ಈತನು ಮಾಡುತ್ತಿರುವುದು ಸರಿಯೋ ತಪ್ಪೋ?

ಮೊದಲು ಮೇಣದ ವಿಷಯಕ್ಕೆ ನ್ಯಾಯ ಸಲ್ಲಿಸೋಣ. ಕಾರಿನ ಮೇಣವನ್ನು ವಾದ್ಯಕ್ಕೆ ಹಚ್ಚುವುದು ಕೇಳಿದಷ್ಟು ವಿಚಿತ್ರವಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಫುಲರ್ಟನ್ ಪಟ್ಟಣದಲ್ಲಿ ಲಿಯೊ ಫೆಂಡರ್ (1909–1991) ಸ್ಥಾಪಿಸಿದ ಕಾರ್ಖಾನೆಯಿಂದ 1954ರಲ್ಲಿ ಸ್ಟ್ರಾಟೊಕಾಸ್ಟರ್ ಎಂಬ ಪ್ರಸಿದ್ಧ ಗಿಟಾರ್ ಹೊರಬಂದಿತು. ಆ ಕಾರ್ಖಾನೆಯು ತನ್ನ ವಿಶೇಷ ಬಣ್ಣಗಳಿಗೆ ಡ್ಯುಪಾಂಟ್ ಕಂಪನಿಯ ಮೋಟಾರು ಬಣ್ಣಗಳನ್ನೇ ಬಳಸಿತು. ಅವುಗಳಲ್ಲಿ ಹಲವು ಆ ಕಾಲದ ಕಾರುಗಳ ಮೇಲೆ ಓಡಾಡಿದ ಬಣ್ಣಗಳೇ. ಹೀಗಿರುವಾಗ ಕಾರಿನ ಮೇಣವು ಗಿಟಾರಿನ ಮೈಗೆ ತೀರ ಪರಕೀಯವಲ್ಲ. ಇಂದಿನ ವಾದ್ಯಗಳ ಗಟ್ಟಿಯಾದ ಪಾಲಿಯೆಸ್ಟರ್, ಪಾಲಿಯುರಿಥೇನ್ ಲೇಪದ ಮೇಲೆ ಶುದ್ಧ ಮೇಣದ ತೆಳುಪದರವು ಹಾನಿ ಮಾಡದು. ಆದರೆ ಲೇಪವಿಲ್ಲದ ಬೀಟೆ ಮರದ ಬೆರಳುಹಲಗೆಗೂ ಬಿರುಕುಬಿಟ್ಟ ಹಳೆಯ ಲೇಪಕ್ಕೂ ಅದು ತಾಗಬಾರದು. ಗೀರು ತೆಗೆಯುವ ಪಾಲಿಶುಗಳಲ್ಲಿ ಸೂಕ್ಷ್ಮವಾದ ಉಜ್ಜುಪುಡಿ ಇರುವುದರಿಂದ ಪ್ರತಿಸಲವೂ ಲೇಪದ ಒಂದಿಷ್ಟು ಅಂಶವು ಸವೆದುಹೋಗುತ್ತದೆ. ಸಿಲಿಕೋನ್ ಬೆರೆತ ಪಾಲಿಶು ಹಚ್ಚಿದರೆ ಮುಂದೆ ಹೊಸ ಬಣ್ಣ ಬಳಿಯುವಾಗ ಅದು ಸರಿಯಾಗಿ ಹತ್ತುವುದಿಲ್ಲ. ಇಷ್ಟು ಎಚ್ಚರವಿದ್ದರೆ ವಸ್ತುವಿನ ದೃಷ್ಟಿಯಿಂದ ಆಕ್ಷೇಪವಿಲ್ಲ.

ಇನ್ನು ಅಹಿಂಸೆಯ ದೃಷ್ಟಿ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಶ್ರಾವಕನ ಎಂಟು ಮೂಲಗುಣಗಳನ್ನು ಹೇಳುವಾಗ ಐದು ಅಣುವ್ರತಗಳೊಡನೆ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಎಣಿಸಿದ್ದಾರೆ. ಜೇನನ್ನು ಬಿಟ್ಟವನು ಜೇನುಮೇಣದ ಬಗೆಗೂ ಯೋಚಿಸಬೇಕಾಗುತ್ತದೆ. ಕಾರಿನ ಮೇಣಗಳಲ್ಲಿ ಹೆಸರಾದದ್ದು ಕಾರ್ನೂಬಾ; ಅದು ಬ್ರೆಜಿಲ್ ದೇಶದ ಒಂದು ತಾಳೆಜಾತಿಯ ಮರದ ಎಲೆಯಿಂದ ದೊರೆಯುವ ಸಸ್ಯಮೇಣ. ಆದರೆ ಕೆಲವು ತಯಾರಿಕೆಗಳಲ್ಲಿ ಜೇನುಮೇಣವೂ ಬೆರೆತಿರುತ್ತದೆ. ಮರದ ವಾದ್ಯಗಳಿಗೆ ಹಿಂದಿನಿಂದ ಬಳಸುತ್ತಿದ್ದ ಅರಗಿನ ಪಾಲಿಶು ಅರಗಿನ ಹುಳುಗಳಿಂದ ಬಂದದ್ದು. ಶ್ರಾವಕನಿಗೆ ನಿಷಿದ್ಧವಾದ ಹದಿನೈದು ಕರ್ಮಾದಾನಗಳಲ್ಲಿ ಲಾಕ್ಷಾವಾಣಿಜ್ಯವೂ ಒಂದು. ಆದ್ದರಿಂದ ಡಬ್ಬಿಯ ಮೇಲಿನ ವಿವರವನ್ನು ಓದಿ, ಅಂಗಡಿಯವನನ್ನು ಕೇಳಿ, ಕೊಳ್ಳುವುದು ಉಚಿತ. ತಾನು ಹಚ್ಚುವ ಹೊಳಪು ಯಾವ ಜೀವದ ಶ್ರಮದಿಂದ ಅಥವಾ ಸಾವಿನಿಂದ ಬಂದಿತೆಂದು ಕೇಳುವ ಅಭ್ಯಾಸವು ತರುಣನಿಗೆ ವಾದ್ಯಪಾಠದಷ್ಟೇ ಅಮೂಲ್ಯವಾದ ಪಾಠ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ವಿದ್ಯುತ್ ಗಿಟಾರಿನಲ್ಲಿ ನಾದವು ಎಲ್ಲಿ ಹುಟ್ಟುತ್ತದೆ? ವೀಣೆಯ ಕೊಡದಂತೆ ಅದರ ಒಡಲು ಪೊಳ್ಳಲ್ಲ. ಬಹುಮಟ್ಟಿಗೆ ಅದೊಂದು ಇಡಿಯ ಹಲಗೆ. ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವಿದೆ, ಅಯಸ್ಕಾಂತದ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯು ಸಾವಿರಾರು ಸುತ್ತು ಸುತ್ತಿಕೊಂಡಿದೆ. ಮೀಟಿದ ತಂತಿಯು ಕಂಪಿಸಿದಾಗ ಆ ಸುರುಳಿಯಲ್ಲಿ ಅತಿಸೂಕ್ಷ್ಮವಾದ ವಿದ್ಯುತ್ತು ಹುಟ್ಟಿ, ಧ್ವನಿವರ್ಧಕದಲ್ಲಿ ನಾದವಾಗುತ್ತದೆ. ಮೈಮೇಲಿನ ಹೊಳಪಿಗೆ ಈ ಸರಪಳಿಯಲ್ಲಿ ಸ್ಥಾನವೇ ಇಲ್ಲ. ಆಶ್ಚರ್ಯವೆಂದರೆ ಇದೇ ವಾದ್ಯದ ಒಳಗೆ ಮೇಣಕ್ಕೆ ಒಂದು ನಿಜವಾದ ಕೆಲಸವಿದೆ. ಅನೇಕ ತಯಾರಕರು ಆ ತಾಮ್ರದ ಸುರುಳಿಯನ್ನು ಕರಗಿಸಿದ ಮೇಣದಲ್ಲಿ ಅದ್ದುತ್ತಾರೆ. ಸುತ್ತುಗಳ ನಡುವೆ ಮೇಣ ಇಳಿದು ಗಟ್ಟಿಯಾದರೆ ತಂತಿ ಅಲುಗದು, ಧ್ವನಿಯನ್ನು ಏರಿಸಿದಾಗ ಕಿರಿಚುವ ದೋಷ ತಗ್ಗುತ್ತದೆ. ಅದನ್ನು ಯಾರೂ ಕಾಣುವುದಿಲ್ಲ. ಕೇಳುಗರ ಕಿವಿಗೆ ಮಾತ್ರ ಅದರ ಪ್ರಯೋಜನ ತಲುಪುತ್ತದೆ. ಒಂದೇ ದ್ರವ್ಯವು ಒಳಗಿದ್ದಾಗ ನಾದವನ್ನು ಕಾಯುತ್ತದೆ, ಹೊರಗಿದ್ದಾಗ ನೋಟವನ್ನು ತಣಿಸುತ್ತದೆ.

ಹಾಗಾದರೆ ತರುಣನು ತಂತಿಯನ್ನು ಬಿಟ್ಟು ಬಟ್ಟೆಯನ್ನು ಏಕೆ ಹಿಡಿಯುತ್ತಾನೆ? ಸೋಮಾರಿತನ ಎನ್ನುವಂತಿಲ್ಲ, ಉಜ್ಜುವುದೂ ಶ್ರಮವೇ. ಕಾರಣ ಬೇರೆ. ಉಕ್ಕಿನ ತಂತಿಯನ್ನು ಒತ್ತಿದರೆ ಮೊದಲ ಕೆಲವು ವಾರ ಬೆರಳ ತುದಿ ನೋಯುತ್ತದೆ. ಅಲ್ಲಿ ಚರ್ಮ ಜಡ್ಡುಗಟ್ಟುವವರೆಗೂ ನೋವು ತಪ್ಪದು. ಬೆರಳು ಸರಿಯಾದ ಜಾಗದಲ್ಲಿ ಒತ್ತದಿದ್ದರೆ ಅಪಸ್ವರವು ಆ ಕ್ಷಣವೇ ಕೇಳುತ್ತದೆ. ತಂತಿಯು ದಾಕ್ಷಿಣ್ಯವಿಲ್ಲದ ಗುರು. ಬಟ್ಟೆಯಾದರೋ ಎಂದೂ ತಪ್ಪು ಹೇಳುವುದಿಲ್ಲ. ಹತ್ತು ನಿಮಿಷ ಉಜ್ಜಿದರೆ ಹತ್ತು ನಿಮಿಷದ ಫಲ ಕಣ್ಣೆದುರಿಗೆ ಕಾಣುತ್ತದೆ. ಹತ್ತು ನಿಮಿಷ ನುಡಿಸಿದರೆ ಹಾಗೇನೂ ಕಾಣದು. ಫಲವು ಬೇಗ ಕಾಣುವ ಕೆಲಸದ ಕಡೆಗೆ ಮನಸ್ಸು ಹರಿಯುವುದು ಸಹಜ. ಆ ಕೆಲಸವು ವಾದ್ಯಕ್ಕೇ ಸಂಬಂಧಿಸಿದ್ದರಿಂದ ‘ನಾನು ಸಂಗೀತದಲ್ಲಿಯೇ ತೊಡಗಿದ್ದೇನೆ’ ಎಂಬ ಸಮಾಧಾನವೂ ದೊರೆಯುತ್ತದೆ. ಮನುಷ್ಯನು ಕರ್ತವ್ಯದಿಂದ ದೂರ ಸರಿಯುವಾಗ ಬಹಳ ಸಲ ಅಧರ್ಮದ ಕಡೆಗೆ ಹೋಗುವುದಿಲ್ಲ, ಕರ್ತವ್ಯದ ನೆರೆಮನೆಗೆ ಹೋಗಿ ಕೂರುತ್ತಾನೆ. ಅದಕ್ಕಾಗಿಯೇ ಅವನಿಗೆ ಅದು ಗೊತ್ತಾಗುವುದಿಲ್ಲ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹದ ಲಕ್ಷಣವನ್ನು ಹೇಳುವಾಗ ವಸ್ತುಗಳ ಸಂಖ್ಯೆಯನ್ನು ಎಣಿಸಲಿಲ್ಲ. ವಸ್ತುವಿನಲ್ಲಿ ಮನಸ್ಸು ಎಚ್ಚರ ತಪ್ಪುವ ಸ್ಥಿತಿಯನ್ನು, ಎಂದರೆ ಮೂರ್ಛೆಯನ್ನು, ಅದರ ಲಕ್ಷಣವನ್ನಾಗಿ ಹೇಳಿದರು. ವಾದ್ಯವನ್ನು ಇಟ್ಟುಕೊಂಡವನು ಅಷ್ಟರಿಂದಲೇ ಪರಿಗ್ರಹಿಯಾಗಲಾರ. ವಾದ್ಯವು ಯಾವುದಕ್ಕಾಗಿ ಇದೆಯೆಂಬುದನ್ನು ಮರೆತು, ಅದಕ್ಕೊಂದು ಗೀರು ಬಿದ್ದರೆ ಹೃದಯಕ್ಕೇ ಗೀರು ಬಿದ್ದಂತೆ ನರಳಿದರೆ, ಅಲ್ಲಿ ಮೂರ್ಛೆ ಆರಂಭವಾಯಿತು. ಸಂಗೀತವನ್ನು ನಮ್ಮ ಪರಂಪರೆ ಹೀನವೆಂದು ಎಣಿಸಿಲ್ಲ. ಆದಿನಾಥಸ್ವಾಮಿಯು ತನ್ನ ಮಕ್ಕಳಿಗೆ ವಿದ್ಯೆಗಳನ್ನು ಹಂಚುವಾಗ ವೃಷಭಸೇನನಿಗೆ ಗಾಂಧರ್ವಶಾಸ್ತ್ರವನ್ನು ಕಲಿಸಿದನೆಂದು ಜಿನಸೇನಾಚಾರ್ಯರ ಆದಿಪುರಾಣವು ಹೇಳುತ್ತದೆ. ಕಲಿಸಿದ್ದು ಶಾಸ್ತ್ರವನ್ನು ಎಂಬುದು ಗಮನಾರ್ಹ.

ಉಪಕರಣವನ್ನು ಹೇಗೆ ಇಟ್ಟುಕೊಳ್ಳಬೇಕೆಂಬುದಕ್ಕೆ ನಮ್ಮ ಕಣ್ಣೆದುರಿಗೆ ಮುನಿಗಳೇ ಇದ್ದಾರೆ. ದಿಗಂಬರ ಮುನಿಗೆ ಸಂಯಮಕ್ಕೆ ಪಿಂಛಿ, ಶೌಚಕ್ಕೆ ಕಮಂಡಲು, ಜ್ಞಾನಕ್ಕೆ ಶಾಸ್ತ್ರ, ಹೀಗೆ ಮೂರೇ ಉಪಕರಣಗಳು. ನವಿಲುಗರಿಯ ಪಿಂಛಿಯು ಜಗತ್ತಿನ ಅತ್ಯಂತ ಸುಂದರ ವಸ್ತುಗಳಲ್ಲಿ ಒಂದು. ಆದರೆ ಅದನ್ನು ಆರಿಸಿಕೊಂಡದ್ದು ಸೌಂದರ್ಯಕ್ಕಾಗಿಯಲ್ಲ. ಅದು ಧೂಳು ಹಿಡಿಯದು, ಬೆವರು ಹೀರದು, ಮೃದು, ಹಗುರ, ಚಿಕ್ಕ ಜೀವಿಗೂ ನೋವು ಮಾಡದು. ಸವೆದ ಪಿಂಛಿಯನ್ನು ಚಾತುರ್ಮಾಸದ ತರುವಾಯ ಬದಲಾಯಿಸುತ್ತಾರೆ. ಅದಕ್ಕೆ ಯಾರೂ ಹೊಳಪು ಹಚ್ಚುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ‘ವಸ್ತುವನ್ನು ಎಚ್ಚರದಿಂದ ನೋಡಿಕೊಳ್ಳುವುದೂ ಧರ್ಮವಲ್ಲವೆ? ಆದಾನನಿಕ್ಷೇಪಣ ಸಮಿತಿಯೆಂದು ಆಗಮವೇ ಹೇಳಿಲ್ಲವೆ?’ ನಿಜ, ಆಕ್ಷೇಪದಲ್ಲಿ ಸತ್ತ್ವವಿದೆ. ಆದರೆ ವಸ್ತುವನ್ನು ನೋಡಿ, ಒರೆಸಿ, ಎತ್ತಿ, ಇಡಬೇಕೆಂಬ ಆ ವಿಧಿಯ ಗುರಿ ಜೀವರಕ್ಷೆ. ವಸ್ತುವಿನ ಶೋಭೆ ಅದರ ಗುರಿಯಲ್ಲ. ವಾದ್ಯದ ವಿಷಯದಲ್ಲಿಯೂ ಉಪಯೋಗದಿಂದಲೇ ಹುಟ್ಟುವ ಉಪಚಾರವೊಂದಿದೆ. ನುಡಿಸಿದ ಮೇಲೆ ತಂತಿಯನ್ನು ಒಣಬಟ್ಟೆಯಿಂದ ಒರೆಸಬೇಕು, ಇಲ್ಲವಾದರೆ ಬೆವರಿಗೆ ಉಕ್ಕು ತುಕ್ಕು ಹಿಡಿಯುತ್ತದೆ. ನುಡಿಸುವ ಮೊದಲು ಶ್ರುತಿ ಸರಿಪಡಿಸಬೇಕು. ಸವೆದ ತಂತಿಯನ್ನು ಬದಲಾಯಿಸಬೇಕು. ಈ ಕೆಲಸಗಳೆಲ್ಲವೂ ನುಡಿಸುವವನಿಗೆ ಮಾತ್ರ ಬೇಕಾಗುತ್ತವೆ. ನುಡಿಸದವನಿಗೆ ಒರೆಸುವುದಕ್ಕೆ ಬೆವರೇ ಇಲ್ಲ. ಉಪಚಾರವು ಅಭ್ಯಾಸದ ಹಿಂದೆ ಬಂದರೆ ಧರ್ಮ, ಅಭ್ಯಾಸದ ಜಾಗದಲ್ಲಿ ಬಂದರೆ ಪ್ರಮಾದ. ಗೃಹಸ್ಥನಿಗೆ ಈ ಒಂದು ಅಳತೆಗೋಲು ಸಾಕೆಂದು ನನ್ನ ನಂಬಿಕೆ.

ಲಿಯೊ ಫೆಂಡರನ ಬಾಳಿನ ಒಂದು ಸಂಗತಿ ಇಲ್ಲಿ ಸ್ಮರಣೀಯ. ಕಾಲೇಜಿನಲ್ಲಿ ಲೆಕ್ಕಪತ್ರಶಾಸ್ತ್ರವನ್ನು ಓದಿ, ಕೆಲಕಾಲ ಲೆಕ್ಕ ಬರೆಯುವ ನೌಕರಿ ಮಾಡಿ, ರೇಡಿಯೊ ದುರಸ್ತಿಯ ಅಂಗಡಿ ತೆರೆದವನು ಆತ. ಲೋಕಕ್ಕೆ ಗಿಟಾರ್ ಕೊಟ್ಟ ಈತನು ಗಿಟಾರ್ ನುಡಿಸಲು ಕಲಿಯಲೇ ಇಲ್ಲ. ಆದರೆ ಆ ವಿಷಯದಲ್ಲಿ ಅವನಿಗೆ ಭ್ರಾಂತಿ ಇರಲಿಲ್ಲ. ನುಡಿಸಬಲ್ಲವರನ್ನು ಕರೆದು, ಅವರ ಕೈಗೆ ವಾದ್ಯ ಕೊಟ್ಟು, ಅವರು ಹೇಳಿದ ಕೊರತೆಗಳನ್ನು ಕೇಳಿ ತಿದ್ದಿದನು. ಮಾಡುವುದು ಬೇರೆ, ನುಡಿಸುವುದು ಬೇರೆ ಎಂಬ ವಿವೇಕ ಅವನಲ್ಲಿತ್ತು. ಒರೆಸುವ ತರುಣನಿಗೆ ಕೊರತೆಯಾಗಿರುವುದು ಈ ವಿವೇಕವೇ.

ಸವೆತದ ಬಗೆಗೆ ಒಂದು ಮಾತು. ಐರ್ಲೆಂಡಿನ ರೋರಿ ಗ್ಯಾಲಗರ್ (1948–1995) ಎಂಬ ವಾದಕನ ಬಳಿ 1961ರಲ್ಲಿ ತಯಾರಾದ ಒಂದು ಸ್ಟ್ರಾಟೊಕಾಸ್ಟರ್ ಇತ್ತು. ದಶಕಗಳ ಕಾಲ ನುಡಿಸಿ ನುಡಿಸಿ, ಬೆವರು ತಾಗಿ, ಅದರ ಬಣ್ಣದ ಬಹುಭಾಗ ಹೋಗಿ ಬರಿಯ ಮರ ಕಾಣುತ್ತಿತ್ತು. ಆ ಸವೆತವು ಅಭ್ಯಾಸದ ಲೆಕ್ಕಪುಸ್ತಕದಂತೆ. ಆದರೆ ವ್ಯಾಪಾರಕ್ಕೆ ಕಣ್ಣು ಚುರುಕು. 1990ರ ದಶಕದ ನಡುವಿನಲ್ಲಿ ಕಾರ್ಖಾನೆಗಳು ಹೊಸ ವಾದ್ಯವನ್ನೇ ಬೇಕೆಂದು ಕೆರೆದು, ಬಣ್ಣ ಎಬ್ಬಿಸಿ, ಹಳತರಂತೆ ಮಾಡಿ ಹೆಚ್ಚಿನ ಬೆಲೆಗೆ ಮಾರತೊಡಗಿದವು. ಹೊಳಪನ್ನು ಕೊಳ್ಳುವಂತೆ ಸವೆತವನ್ನೂ ಕೊಳ್ಳಬಹುದೆಂದಾಯಿತು. ಹೊಳೆಯುವ ವಾದ್ಯವನ್ನು ತಿರಸ್ಕರಿಸಿ ಸವೆದ ವಾದ್ಯವನ್ನು ಪೂಜಿಸಿದರೆ ಮೂರ್ಛೆಯು ಬಣ್ಣ ಬದಲಾಯಿಸಿತೇ ಹೊರತು ಬಿಡಲಿಲ್ಲ. ಆಡಂಬರದ ಸರಳತೆಯೂ ಹೀಗೆಯೇ. ಬಲ್ಲವರು ಅದನ್ನು ಗುರುತಿಸುತ್ತಾರೆ.

ಈ ವಿಚಾರವನ್ನು ಮನೆಯ ಹೊರಗೂ ಒಯ್ಯಬೇಕು. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಷಟ್ಖಂಡಾಗಮದ ಧವಲಾ ಟೀಕೆಯ ತಾಳೆಗರಿ ಪ್ರತಿಗಳು ಕನ್ನಡ ಲಿಪಿಯಲ್ಲಿ ಶತಮಾನಗಳ ಕಾಲ ಭದ್ರವಾಗಿದ್ದವು. ಹುಳ ತಿನ್ನದಂತೆ, ತೇವ ತಾಗದಂತೆ ಅವನ್ನು ಕಾಪಾಡಿದ ಶ್ರಾವಕರ ಋಣವನ್ನು ನಾವು ತೀರಿಸಲಾರೆವು. ಆದರೂ ಬಹುಕಾಲ ಅವು ಯಾತ್ರಿಕರಿಗೆ ದರ್ಶನದ ವಸ್ತುಗಳಾಗಿದ್ದವೇ ಹೊರತು ಓದಿನ ವಸ್ತುಗಳಾಗಿರಲಿಲ್ಲ. 19ನೆಯ ಶತಮಾನದ ಕೊನೆಯಿಂದ ಪ್ರತಿ ಮಾಡುವ ಪ್ರಯತ್ನ ನಡೆದು, ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಮೊದಲ ಸಂಪುಟ ಅಚ್ಚಾಗಿ, 1958ರ ಹೊತ್ತಿಗೆ 16 ಸಂಪುಟಗಳು ಪೂರ್ಣವಾದವು. ಆಗ ಆ ಗರಿಗಳು ಮತ್ತೆ ನುಡಿದವು. ಕಾಪಾಡಿದವರು ಇಲ್ಲದಿದ್ದರೆ ಓದುವವರಿಗೆ ಗ್ರಂಥವಿರುತ್ತಿರಲಿಲ್ಲ. ಓದುವವರು ಬಾರದಿದ್ದರೆ ಕಾಪಾಡಿದ್ದಕ್ಕೆ ಸಾರ್ಥಕ್ಯವಿರುತ್ತಿರಲಿಲ್ಲ. ಎರಡೂ ಬೇಕು. ಆದರೆ ಮೊದಲನೆಯದು ಎರಡನೆಯದಕ್ಕಾಗಿ.

ನಮ್ಮ ಧರ್ಮಸಂಸ್ಥೆಗಳು ಇದೇ ಮಾತನ್ನು ತಮಗೆ ಅನ್ವಯಿಸಿಕೊಂಡರೆ ಒಳಿತು. ನೆಲಕ್ಕೆ ನುಣುಪಾದ ಕಲ್ಲು, ಬಾಗಿಲಿಗೆ ಹಿತ್ತಾಳೆಯ ತಗಡು, ಶಿಖರಕ್ಕೆ ಬಣ್ಣ, ಇವುಗಳಿಗೆ ದಾನಿಗಳು ಬೇಗ ದೊರೆಯುತ್ತಾರೆ. ಫಲ ಕಣ್ಣಿಗೆ ಕಾಣುತ್ತದೆ, ಹೆಸರು ಕಲ್ಲಿನಲ್ಲಿ ನಿಲ್ಲುತ್ತದೆ. ಪಾಠಶಾಲೆಯ ಅಧ್ಯಾಪಕನ ಸಂಬಳಕ್ಕೆ ದಾನಿಗಳು ಅಷ್ಟು ಬೇಗ ದೊರೆಯುವುದಿಲ್ಲ. ವಾಣಿಜ್ಯಶಾಸ್ತ್ರದ ಪ್ರಕಾರ ಕಟ್ಟಡವು ಆಸ್ತಿಯ ಪಟ್ಟಿಯಲ್ಲಿ ಸೇರುತ್ತದೆ, ಒಬ್ಬ ಬಾಲಕನು ಕಲಿತ ಪಾಠವು ಯಾವ ಪಟ್ಟಿಯಲ್ಲಿಯೂ ಸೇರುವುದಿಲ್ಲ. ಅಲ್ಲಿ ಬರೆಯಲಾಗದು ಎಂದಮಾತ್ರಕ್ಕೆ ಅದು ಇಲ್ಲವೆಂದು ಎಣಿಸಬಾರದು. ವಾರ್ಷಿಕ ಸಭೆಯಲ್ಲಿ ಜಮಾಖರ್ಚನ್ನು ಓದುವಾಗ, ಆ ವರ್ಷ ಎಷ್ಟು ಮಂದಿ ಸ್ವಾಧ್ಯಾಯಕ್ಕೆ ಕುಳಿತರು, ಎಷ್ಟು ಮಕ್ಕಳು ಒಂದು ಗ್ರಂಥವನ್ನು ಮೊದಲಿಂದ ಕೊನೆಯವರೆಗೆ ಓದಿದರು ಎಂಬುದನ್ನೂ ಓದಿ ಹೇಳುವ ಪದ್ಧತಿಯನ್ನು ಇಟ್ಟುಕೊಳ್ಳಬಹುದು. ಅದಕ್ಕೆ ಖರ್ಚಿಲ್ಲ.

ಇನ್ನು ಆ ತರುಣನ ವಿಷಯ. ಅವನ ಕೈಯಿಂದ ಮೇಣದ ಡಬ್ಬಿಯನ್ನು ಕಿತ್ತುಕೊಳ್ಳಬೇಕಾಗಿಲ್ಲ, ಗದರಿಸಬೇಕಾಗಿಯೂ ಇಲ್ಲ. ಒರೆಸುವ ಕೈಯಲ್ಲಿ ಪ್ರೀತಿಯಿದೆ. ಆ ಪ್ರೀತಿಯು ದಾರಿ ತಪ್ಪಿದೆ, ಅಷ್ಟೆ. ಮನೆಯ ಹಿರಿಯರು ಅವನಿಗೆ ಒಂದು ಚಿಕ್ಕ ನಿಯಮವನ್ನು ಕೊಡಲಿ: ಮೊದಲು ನುಡಿಸು, ಆಮೇಲೆ ಒರೆಸು, ನುಡಿಸದ ದಿನ ಒರೆಸಬೇಡ. ಹಿರಿಯರು ಹತ್ತಿರ ಕುಳಿತು ಅಪಸ್ವರವನ್ನು ತಾಳ್ಮೆಯಿಂದ ಕೇಳಲಿ. ಬೆರಳ ನೋವನ್ನು ಕೇಳುವವರು ಒಬ್ಬರಿದ್ದರೆ ಬಟ್ಟೆಯ ಆಶ್ರಯ ಅವನಿಗೆ ಬೇಕಾಗದು. ಜಪಮಾಲೆ, ಗ್ರಂಥ, ಬಸದಿ, ವ್ರತ ಯಾವುದೇ ಆಗಲಿ, ನಮಗೂ ಇದೇ ನಿಯಮ ಸಲ್ಲುತ್ತದೆ.