ಇಚ್ಛೆಯ ಅನುಕ್ರಮ

ಎಂ.ಬಿ.ಬಿ.ಎಸ್. ಮುಗಿಸಿ, ನೀಟ್ ಪಿ.ಜಿ. ಪರೀಕ್ಷೆಯಲ್ಲಿ ರ್‍ಯಾಂಕು ಪಡೆದು, ಪರೀಕ್ಷಾ ಪ್ರಾಧಿಕಾರದ ಆಪ್ಷನ್ ಎಂಟ್ರಿಗೆ ಕುಳಿತ ತರುಣನ ಮುಂದಿರುವುದು ಮೇಲ್ನೋಟಕ್ಕೆ ಕೇವಲ ಲೌಕಿಕವಾದ ಕಾರ್ಯ: ಯಾವ ವಿಭಾಗ, ಯಾವ ಕಾಲೇಜು, ಮೊದಲು ಯಾವುದು, ಅನಂತರ ಯಾವುದು. ಆದರೆ ತನ್ನ ಇಚ್ಛೆಗಳನ್ನು ಅನುಕ್ರಮವಾಗಿ ಬರೆಯಬೇಕಾದವನು ತನ್ನ ಇಚ್ಛೆ ಯಾವುದೆಂಬುದನ್ನು ಮೊದಲು ಅರಿತಿರಬೇಕಷ್ಟೆ. ಆ ಅರಿವಾದರೋ ಸುಲಭಸಾಧ್ಯವಾದುದಲ್ಲ.

ಕಠೋಪನಿಷತ್ತಿನ ನಚಿಕೇತನಿಗೂ ಇಂಥದೊಂದು ಸಂದರ್ಭ ಒದಗಿತ್ತು. ಯಮನು ಮೂರು ವರಗಳನ್ನಿತ್ತಾಗ ಆ ಬಾಲಕನು ಮೊದಲು ತಂದೆಯ ಮನಶ್ಶಾಂತಿಯನ್ನೂ, ಅನಂತರ ಸ್ವರ್ಗಸಾಧಕವಾದ ಅಗ್ನಿವಿದ್ಯೆಯನ್ನೂ, ಕಡೆಗೆ ಮರಣೋತ್ತರದ ರಹಸ್ಯವನ್ನೂ ಬೇಡಿದನು. ಮೂರನೆಯದಕ್ಕೆ ಬದಲಾಗಿ ಗಜಾಶ್ವಗಳನ್ನೂ ಸುವರ್ಣವನ್ನೂ ದೀರ್ಘಾಯುಸ್ಸನ್ನೂ ಯಮನು ಮುಂದೊಡ್ಡಿದರೂ ಆತನು ಕದಲಲಿಲ್ಲ. ಹಿತವಾದ ಶ್ರೇಯಸ್ಸು ಬೇರೆ, ಪ್ರಿಯವಾದ ಪ್ರೇಯಸ್ಸು ಬೇರೆ ಎಂಬ ವಿವೇಕದ ಬೋಧನೆ ಬರುವುದು ಇದಾದ ಬಳಿಕ. ಆ ಬೋಧನೆಗೆ ಮುಂಚೆಯೇ ಬಾಲಕನು ತನ್ನ ಬೇಡಿಕೆಯನ್ನು ತಾನೇ ಬಲ್ಲವನಾಗಿದ್ದನೆಂಬುದು ನನಗೆ ಬೋಧನೆಯಷ್ಟೇ ಮುಖ್ಯವಾಗಿ ತೋರುತ್ತದೆ.

ನಮ್ಮ ವಿದ್ಯಾರ್ಥಿಯು ಪ್ರೇಯಸ್ಸಿಗೆ ಮರುಳಾದನೆಂದು ದೂಷಿಸುವುದು ಅನ್ಯಾಯ. ರೇಡಿಯಾಲಜಿ, ಚರ್ಮರೋಗ, ಜನರಲ್ ಮೆಡಿಸಿನ್ ಸೀಟುಗಳು ಮೇಲಿನ ರ್‍ಯಾಂಕಿನವರಿಗೇ ತೀರಿಹೋಗುತ್ತವೆ. ಅನಾಟಮಿ, ಫಿಸಿಯಾಲಜಿಗಳಲ್ಲಿ ಸೀಟುಗಳು ಉಳಿಯುತ್ತವೆ. 2023ರಲ್ಲಿ ಉಳಿದ ಸೀಟುಗಳ ಭರ್ತಿಗಾಗಿ ಅರ್ಹತೆಯ ಪರ್ಸೆಂಟೈಲನ್ನು ಸೊನ್ನೆಗೆ ಇಳಿಸಬೇಕಾಯಿತು. ದಾವಣಗೆರೆಯ ಚಿಗಟೇರಿ ಆಸ್ಪತ್ರೆಯಲ್ಲೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೋ ಮಕ್ಕಳ ವಾರ್ಡಿಗೆ ಮನಸೋತ ಹುಡುಗಿಯೊಬ್ಬಳಿಗೆ, ಹಿಂದಿನ ವರ್ಷದ ಕಟಾಫ್ ಪಟ್ಟಿಯ ಪ್ರಕಾರ ರೇಡಿಯಾಲಜಿಯೇ ಸಿಗುವಂಥ ರ್‍ಯಾಂಕು ಬಂದಿತೆನ್ನಿ. ‘ಇಷ್ಟು ಒಳ್ಳೆಯ ರ್‍ಯಾಂಕು ಬಂದು ಪೀಡಿಯಾಟ್ರಿಕ್ಸ್ ತಗೊಳ್ತೀಯೇನವ್ವಾ?’ ಎಂದು ಬಂಧುಗಳು ಕೇಳುತ್ತಾರೆ, ಮೊದಲನೆಯದಾಗಿದ್ದುದು ನಾಲ್ಕನೆಯದಾಗುತ್ತದೆ. ಆಕೆ ತ್ಯಜಿಸಿದುದು ಶ್ರೇಯಸ್ಸನ್ನು ಮಾತ್ರವಲ್ಲ, ತನ್ನ ಪ್ರೇಯಸ್ಸನ್ನೂ. ವರಿಸಿದುದು ಪರರ ಪ್ರೇಯಸ್ಸನ್ನು. ಉಪನಿಷತ್ತು ಹೆಸರಿಸದಿದ್ದ ಈ ಮೂರನೆಯ ಮಾರ್ಗವೇ ನಮ್ಮ ಕಾಲದ ದೊಡ್ಡ ಮಾರ್ಗವೆಂದು ನಾನು ಭಾವಿಸುತ್ತೇನೆ.

ಹಂಚಿಕೆಯ ವಿಧಾನವಾದರೋ ನಿರ್ದೋಷಿ. ಅಮೆರಿಕದಲ್ಲಿ 1952ರಿಂದ ನಡೆದುಬಂದಿರುವ ಮ್ಯಾಚ್ ಪದ್ಧತಿಯಲ್ಲಿ ಆಸ್ಪತ್ರೆಗಳೂ ಅಭ್ಯರ್ಥಿಗಳೂ ಪರಸ್ಪರರನ್ನು ಅನುಕ್ರಮದಲ್ಲಿಡುತ್ತಾರೆ. ಇಂಥ ಜೋಡಣೆಯ ಗಣಿತವನ್ನು 1962ರಲ್ಲಿ ಗೇಲ್ ಮತ್ತು ಶೇಪ್ಲಿ ನಿರೂಪಿಸಿದರು. ಮ್ಯಾಚ್ ಪದ್ಧತಿಯ ಪರಿಷ್ಕಾರಕ್ಕೆ ದುಡಿದ ಆಲ್ವಿನ್ ರಾತ್ ಅವರಿಗೂ ಶೇಪ್ಲಿಯವರಿಗೂ 2012ರಲ್ಲಿ ನೊಬೆಲ್ ಪುರಸ್ಕಾರ ಸಂದಿತು. ನಮ್ಮಲ್ಲಿ ರ್‍ಯಾಂಕಿನ ಕ್ರಮದಲ್ಲಿ ಪ್ರತಿಯೊಬ್ಬರಿಗೂ ಅವರ ಪಟ್ಟಿಯಲ್ಲಿ ಆ ಹೊತ್ತಿಗೆ ಉಳಿದಿರುವ ಅತ್ಯುನ್ನತ ಸೀಟು ದೊರೆಯುತ್ತದೆ. ಸಿಗಲಾರದ್ದನ್ನು ಮೊದಲು ಬರೆದ ಮಾತ್ರಕ್ಕೆ ಆ ಸುತ್ತಿನಲ್ಲಿ ಸಿಗುವಂಥದು ಕೈತಪ್ಪುವುದಿಲ್ಲ. ಸತ್ಯವನ್ನು ಬರೆದವನಿಗೆ ನಷ್ಟವಿಲ್ಲವೆಂದು ಗಣಿತವು ಅಭಯವೀಯುತ್ತದೆ; ಬರೆದುದು ಆತನದೇ ಸತ್ಯವೋ ಎಂಬುದನ್ನು ಅದು ಕೇಳದು.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ 1739ರಲ್ಲಿ ಅವತರಿಸಿದರೆಂದು ಬಂಜಾರರು ನಂಬುವ, ಪ್ರತಿ ಫೆಬ್ರವರಿಯಲ್ಲಿ ಮಾಲೆ ಧರಿಸಿದ ಸಹಸ್ರಾರು ಭಕ್ತರು ಅರಸಿಬರುವ ಸಂತ ಸೇವಾಲಾಲರ ಕಥನವು ತನ್ನ ಸತ್ಯ ಯಾವುದೆಂಬ ಈ ಪ್ರಶ್ನೆಯೆದುರು ನೆನಪಾಗುತ್ತದೆ. ತನ್ನ ಭಕ್ತನಾಗೆಂದು ದೇವಿ ಕರೆದಾಗ ಅವರು ಕೂಡಲೇ ಸಮ್ಮತಿಸಲಿಲ್ಲವಂತೆ. ಬಹುಕಾಲ ಪ್ರತಿರೋಧಿಸಿ ಕಡೆಗೆ ಸಮ್ಮತಿಸಿದರಂತೆ. ಸ್ವಧರ್ಮವು ನಾವು ಬರೆದ ಪಟ್ಟಿಯ ಹೊರಗಿನಿಂದಲೂ ಬಂದೀತು. ಕೊನೆಯ ಸುತ್ತಿನಲ್ಲಿ ಕಮ್ಯುನಿಟಿ ಮೆಡಿಸಿನ್ ದೊರೆತವನು ಅದರಲ್ಲಿಯೇ ತನ್ನ ಜೀವಿತಾರ್ಥವನ್ನು ಕಂಡುಕೊಂಡಾನು. ಆದರೆ ‘ಬಂದದ್ದನ್ನು ತಗೋ’ ಎನ್ನುವ ಹಿರಿಯರು ಈ ಕಥನವನ್ನು ಆಧಾರವಾಗಿ ಹಿಡಿಯಲಾಗದು. ಸೇವಾಲಾಲರು ‘ಒಲ್ಲೆ’ನೆಂಬುದನ್ನು ಸ್ವತಃ ಅರಿತು ನುಡಿದವರು, ತನ್ನ ಒಲವನ್ನೇ ಬರೆಯದಿದ್ದವಳಿಗೆ ಯಾವುದನ್ನು ಬಿಟ್ಟು ಯಾವುದನ್ನು ಒಪ್ಪಿಕೊಂಡೆನೆಂಬುದು ಹೇಗೆ ತಿಳಿದೀತು?

ಹೊನ್ನಾಳಿ, ನ್ಯಾಮತಿಗಳ ಮನೆಗಳಲ್ಲಿ ಆಪ್ಷನ್ ತುಂಬುವ ದಿನಗಳಲ್ಲಿ ತಂದೆತಾಯಿಗಳು ಕಟಾಫ್ ಪಟ್ಟಿಯನ್ನು ತೆರೆಯುವ ಮುನ್ನ ಮಗಳನ್ನು ಒಂದು ಮಾತು ಕೇಳಬಹುದು: ಹೌಸ್ ಸರ್ಜನ್ ಆಗಿದ್ದ ವರ್ಷದಲ್ಲಿ, ಡ್ಯೂಟಿ ಮುಗಿದ ಮೇಲೂ ಯಾವ ವಾರ್ಡಿನಿಂದ ಹೊರಡಲು ನಿನಗೆ ಮನಸ್ಸಾಗುತ್ತಿರಲಿಲ್ಲ?