ಸವಾಲಿನ ಕಲ್ಲು ಮತ್ತು ಇಚ್ಛಾಪರಿಮಾಣ ವ್ರತ

ಶ್ರಾವಕನ ಐದು ಅಣುವ್ರತಗಳಲ್ಲಿ ಕೊನೆಯದಾದ ಪರಿಗ್ರಹಪರಿಮಾಣಕ್ಕೆ ಸಮಂತಭದ್ರಾಚಾರ್ಯರು ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಹೇಳಿರುವರು. ವಸ್ತುವಿಗೆ ಎಲ್ಲೆ ಕಟ್ಟುವುದು ಒಂದು. ಇಚ್ಛೆಗೇ ಎಲ್ಲೆ ಕಟ್ಟುವುದು ಮತ್ತೊಂದು. ಹೊಲ, ಮನೆ, ದನಕರು, ದವಸಧಾನ್ಯಗಳ ವಿಷಯದಲ್ಲಿ ಈ ಎರಡರ ಅಂತರವು ಅಷ್ಟಾಗಿ ಗೋಚರಿಸುವುದಿಲ್ಲ. ಇಷ್ಟು ಎಕರೆ ಸಾಕೆಂದವನ ಆಸೆಯೂ ಬಹುಮಟ್ಟಿಗೆ ಅಲ್ಲಿಯೇ ನಿಂತಿರುತ್ತದೆ. ಆದರೆ ಹರಾಜಿನ ಕಟ್ಟೆಯ ಮುಂದೆ ನಿಂತವನಲ್ಲಿ ಆ ಅಂತರವು ಕೈಯ ರೇಖೆಯಂತೆ ಸ್ಪಷ್ಟವಾಗುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ ಸೀಮೆಯ ಮನೆಗಳಿಗೆ ಹರಾಜು ಹೊಸತಲ್ಲ. 1984ರಲ್ಲಿ ತಂಬಾಕು ಮಂಡಳಿಯು ಕರ್ನಾಟಕದಲ್ಲಿ ಹರಾಜು ಪದ್ಧತಿಯನ್ನು ಜಾರಿಗೆ ತಂದಂದಿನಿಂದ ಬೇಲುಗಳ ಸಾಲು, ದರ್ಜೆ, ದರ, ರೈತನ ಮುಖದ ಆತಂಕ, ಇವೆಲ್ಲವೂ ಆ ಊರುಗಳ ನಿತ್ಯದ ಮಾತು. ಹೊಗೆಸೊಪ್ಪಿನ ಬೆಳೆಯು ಶ್ರಾವಕನಿಗೆ ಯೋಗ್ಯವೇ ಎಂಬುದು ಬೇರೆಯೇ ವಿಚಾರ. ಇಲ್ಲಿ ಗಮನಿಸತಕ್ಕದ್ದು ಒಂದೇ: ಆ ಕಟ್ಟೆಯಲ್ಲಿ ಕೊಳ್ಳುವವನಿಗೆ ಬೇಲಿನ ಮೇಲೆ ಮೋಹವಿಲ್ಲ. ಇಷ್ಟಕ್ಕೆ ಕೊಂಡರೆ ಇಷ್ಟು ಉಳಿಯುವುದೆಂಬ ಲೆಕ್ಕವುಂಟು; ಲೆಕ್ಕವು ಮೀರಿದೊಡನೆ ಮುಂದಿನ ಬೇಲಿಗೆ ನಡೆಯುವನು. ಇತ್ತೀಚೆಗೆ ಉಳ್ಳವರ ಮನೆಗಳನ್ನು ಪ್ರವೇಶಿಸುತ್ತಿರುವ ಇನ್ನೊಂದು ಹರಾಜಿನಲ್ಲಿ ಈ ಲೆಕ್ಕವೇ ಇಲ್ಲ. ಅದು ಖನಿಜಶಿಲೆಗಳ ಮಾದರಿಗಳದು, ಸತ್ತವರ ಬಂಗಲೆಗಳಿಂದ ಹೊರಬಂದ ಹಳೆಯ ಸಾಮಾನುಗಳದು. ಗಡಿಯಾರ, ದೀಪದ ಗುಚ್ಛ, ನಾಣ್ಯ, ಬೀಟೆಯ ಪೆಟ್ಟಿಗೆ, ಕಾಕನಕೋಟೆಯ ಖೆಡ್ಡಾದ ಛಾಯಾಚಿತ್ರ, ಹರಳುಗಟ್ಟಿದ ಬಣ್ಣದ ಕಲ್ಲು. ಇಂತಹವನ್ನು ಕೊಳ್ಳುವವನು ಮಾರಲು ಕೊಳ್ಳುವುದಿಲ್ಲ, ಇಟ್ಟುಕೊಳ್ಳಲು ಕೊಳ್ಳುವನು. ಆದುದರಿಂದ ಅವನಿಗೆ ತಡೆಯಾಗಿ ನಿಲ್ಲಬಲ್ಲ ದರವೆಂಬುದೇ ಇಲ್ಲ.

ಕಲ್ಲುಗಳ ವಿಷಯದಲ್ಲಿ ಈ ಸೀಮೆಯು ಬಡದಲ್ಲ. ಮೊದಲು ಕೋಟೆ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕಾಗಿರುವ ಸರಗೂರಿನ ಹೆಸರನ್ನು ಭೂವಿಜ್ಞಾನಿಗಳು ಕರ್ನಾಟಕದ ಅತಿ ಪ್ರಾಚೀನ ಶಿಲಾಸಮೂಹವೊಂದಕ್ಕೆ ಇಟ್ಟಿರುವರು. ಅವುಗಳ ವಯಸ್ಸು 300 ಕೋಟಿ ವರ್ಷಗಳಿಗೂ ಮೇಲ್ಪಟ್ಟುದು. ಕಯನೈಟ್, ಗ್ರಾಫೈಟ್, ಕುರುಂದ ಮೊದಲಾದುವು ಆ ಶಿಲೆಗಳಲ್ಲಿ ದೊರೆಯುತ್ತವೆ. ಕುರುಂದವು ಕೆಂಪಾದಾಗ ಅದಕ್ಕೆ ಮಾಣಿಕ್ಯವೆಂಬ ಹೆಸರು. ನೀಲಿ ಕಯನೈಟಿನ ನಡುವೆ ಕೆಂಪು ಕುರುಂದದ ಹರಳು ಕುಳಿತಿರುವ ಮೈಸೂರು ಕಡೆಯ ಕಲ್ಲುಗಳು ದೇಶವಿದೇಶಗಳ ಸಂಗ್ರಹಕಾರರಿಗೆ ಚಿರಪರಿಚಿತ. ಹೊಲದಲ್ಲಿ ನೇಗಿಲಿಗೆ ಸಿಕ್ಕಿ ಬದುವಿಗೆ ಎಸೆಯಲ್ಪಟ್ಟ ಕಲ್ಲೊಂದು ಗಾಜಿನ ಕಪಾಟಿನಲ್ಲಿ ಬೆಳಕು ಬಿದ್ದೊಡನೆ ಸಾವಿರಾರು ರೂಪಾಯಿಗಳದ್ದಾಗುವುದು ಹೀಗೆ.

ಜಿನಾಗಮವು ಈ ಕಲ್ಲುಗಳನ್ನು ನೋಡುವ ರೀತಿಯೇ ಬೇರೆ. ಮೂಲಾಚಾರದಲ್ಲಿ ಪೃಥ್ವಿಯ 36 ಭೇದಗಳನ್ನು ಎಣಿಸಲಾಗಿದೆ. ಮಣ್ಣು, ಮರಳು, ಉಪ್ಪು, ಕಬ್ಬಿಣ, ತಾಮ್ರ, ಅಭ್ರಕ, ಹರಿತಾಳ, ಸ್ಫಟಿಕ, ವೈಡೂರ್ಯ, ವಜ್ರ ಎಲ್ಲವೂ ಆ ಒಂದೇ ಪಟ್ಟಿಯಲ್ಲಿವೆ. ಅಲ್ಲಿ ವಜ್ರಕ್ಕೆ ಮೇಲಿನ ಪೀಠವೂ ಇಲ್ಲ, ಮರಳಿಗೆ ಕೆಳಗಿನ ಪೀಠವೂ ಇಲ್ಲ. ಗಟ್ಟಿ ಪೃಥ್ವಿಯಲ್ಲಿ ಜನಿಸಿದ ಜೀವದ ಉತ್ಕೃಷ್ಟ ಆಯುಸ್ಸು 22,000 ವರ್ಷಗಳೆಂದು ಹೇಳಿದೆ. ಪೂಜ್ಯಪಾದರು ತತ್ತ್ವಾರ್ಥಸೂತ್ರದ ವ್ಯಾಖ್ಯಾನದಲ್ಲಿ ಪೃಥ್ವೀಕಾಯಿಕಕ್ಕೂ ಪೃಥ್ವೀಕಾಯಕ್ಕೂ ಭೇದವನ್ನು ತೋರಿಸಿರುವರು. ಜೀವಸಹಿತವಾದುದು ಪೃಥ್ವೀಕಾಯಿಕ, ಜೀವವು ಬಿಟ್ಟುಹೋದ ದೇಹವು ಪೃಥ್ವೀಕಾಯ, ಸತ್ತ ಮನುಷ್ಯನ ಕಾಯದಂತೆ. ನೆಲವನ್ನಗೆದು, ಒಡೆದು, ತೊಳೆದು, ಪೀಠದ ಮೇಲಿರಿಸಿದ ಮಾದರಿಯು ಶಾಸ್ತ್ರದೃಷ್ಟಿಯಲ್ಲಿ ಈ ಎರಡನೆಯ ಜಾತಿಯದು. ಅದನ್ನು ಮುಟ್ಟಿದ ಮಾತ್ರಕ್ಕೆ ಹಿಂಸೆಯಾಗದು, ನಿಜ. ಆದರೆ ಕೊಳ್ಳುವವನಿದ್ದಾನೆಂದೇ ಅಗೆಯುವವನು ಅಗೆಯುವನು. ಹೊಟ್ಟೆಪಾಡಿಗಾಗಲಿ ಸೂರಿಗಾಗಲಿ ಅಲ್ಲದೆ, ಕೇವಲ ನೋಟದ ಸುಖಕ್ಕೋಸ್ಕರ ನೆಲವನ್ನು ಒಡೆಯಿಸುವುದು ಪ್ರಮಾದಚರ್ಯೆ. ಅನರ್ಥದಂಡದ ಐದು ಬಗೆಗಳಲ್ಲಿ ಅದೂ ಒಂದು. ತಾನು ಗುದ್ದಲಿ ಹಿಡಿಯಲಿಲ್ಲವೆಂಬುದು ಉತ್ತರವಾಗಲಾರದು. ಕೃತ, ಕಾರಿತ, ಅನುಮೋದನಗಳೆಂಬ ಮೂರು ಬಾಗಿಲುಗಳಲ್ಲಿ ಒಂದನ್ನು ಮುಚ್ಚಿ ಎರಡನ್ನು ತೆರೆದಿಟ್ಟಂತಾಯಿತು.

ಪರಿಗ್ರಹಪರಿಮಾಣಕ್ಕೆ ಸಮಂತಭದ್ರಾಚಾರ್ಯರು ಹೇಳಿದ ಅತಿಚಾರಗಳು ಐದು: ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಾಹನ. ಮೊದಲನೆಯದೂ ಕೊನೆಯದೂ ಎತ್ತುಗಳನ್ನು ಕಟ್ಟಿ ವ್ಯಾಪಾರ ಹೊರಟವನಿಗೆ ಸಂಬಂಧಿಸಿದುವು. ನಡುವಣ ಮೂರು ಮಾತ್ರ ಹರಾಜಿನ ಕಟ್ಟೆಯನ್ನು ಕಂಡೇ ಬರೆದಂತಿವೆ. ಅತಿಸಂಗ್ರಹವನ್ನೂ ಅತಿಲೋಭವನ್ನೂ ಎಲ್ಲರೂ ಬಲ್ಲರು. ವಿಸ್ಮಯವೆಂಬುದು ದೋಷವಾಗುವುದೆಂತು? ಪರರಿಗಾದ ಲಾಭವನ್ನು ಕಂಡು ಬೆರಗಾಗಿ ಒಳಗೊಳಗೇ ಕುದಿಯುವುದು ಆ ವಿಸ್ಮಯ. ಹರಾಜು ನಡೆಯುವುದು ಈ ಬೆರಗಿನ ಬಲದಿಂದಲೇ. ಒಂದೇ ವಸ್ತುವನ್ನು ಅಂಗಡಿಯವನು ಇಷ್ಟು ಬೆಲೆಯೆಂದು ಹೇಳಿದರೆ ಗ್ರಾಹಕನು ಚೌಕಾಸಿ ಮಾಡುವನು. ಅದನ್ನೇ ಕೂಗಿಗಿಟ್ಟಾಗ, ಎದುರಿನವನು ಕೈಯೆತ್ತಿದನೆಂಬ ಒಂದೇ ಕಾರಣದಿಂದ ಇವನೂ ಕೈಯೆತ್ತುವನು. 'ಒಂದು ಸಲ, ಎರಡು ಸಲ' ಎಂಬ ಕೂಗಿನ ನಡುವಣ ಕ್ಷಣದಲ್ಲಿ ವಸ್ತುವು ಮರೆತುಹೋಗಿ, ಎದುರಾಳಿಯೊಬ್ಬನೇ ಉಳಿಯುತ್ತಾನೆ. ಗೆದ್ದವನು ಆ ಕಲ್ಲಿಗೆ ಸಭೆಯಲ್ಲಿ ಬೇರಾರೂ ಕೊಡಲೊಪ್ಪದ ಬೆಲೆಯನ್ನು ಕೊಟ್ಟವನು, ಅಷ್ಟೆ. ಅದರ ಮೇಲೆ ಹರಾಜುದಾರನ ಕಮಿಷನ್, ತೆರಿಗೆ, ಸಾಗಣೆ. ಇನ್ನು ಇಂತಹ ಮಾರಾಟವು ಸಾಮಾನ್ಯವಾಗಿ 'ಇದ್ದಲ್ಲಿ ಇದ್ದಂತೆ' ಎಂಬ ಕರಾರಿನದು. ಒಡಕು ತೋರಿದರೆ ಕೇಳುವಂತಿಲ್ಲ. ಬಿಡಿ ಹರಳುಗಳನ್ನು ಅಂಟಿನಿಂದ ಬಂಡೆಗೆ ಕೂರಿಸುವುದೂ, ಸಪ್ಪೆ ಬಣ್ಣದ ಅಗೇಟಿಗೆ ಬಣ್ಣವೇರಿಸುವುದೂ ಆ ವ್ಯಾಪಾರದಲ್ಲಿ ಹಳೆಯ ವಿದ್ಯೆ. ಮಾರುವವನಿಗೆ ಅದು ಪ್ರತಿರೂಪಕವ್ಯವಹಾರವೆಂಬ ಅಚೌರ್ಯದ ಅತಿಚಾರ; ಕೊಂಡವನಿಗೆ ವರ್ಷಗಟ್ಟಲೆ ಕೊರಗು.

ವ್ರತಿಯಾದ ಗೃಹಸ್ಥನೊಬ್ಬನಿರುವನೆಂದು ಭಾವಿಸಬಹುದು. ಮುನಿಗಳ ಸನ್ನಿಧಿಯಲ್ಲಿ ಜಮೀನಿಗೆ, ಚಿನ್ನಕ್ಕೆ, ನಗದಿಗೆ, ವಾಹನಕ್ಕೆ ಮಿತಿ ಮಾಡಿಕೊಂಡು ಪುಸ್ತಕದಲ್ಲಿ ಬರೆದಿಟ್ಟಿರುವನು. ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣ ಮೊದಲಾದ ಹತ್ತು ಬಾಹ್ಯ ಪರಿಗ್ರಹಗಳಲ್ಲಿ 'ಬಣ್ಣದ ಕಲ್ಲು' ಎಂಬ ಹೆಸರಿಲ್ಲವಾದುದರಿಂದ ವ್ರತಕ್ಕೆ ಭಂಗವಿಲ್ಲವೆಂದು ಆತನು ಒಂದನ್ನು ಕೊಳ್ಳುವನು. ಬಳಿಕ ಒಂಬತ್ತನ್ನು. ಗೃಹಿಣಿಯು ಮಗಳ ಓದಿನ ಹಣದ ಮಾತೆತ್ತಿದರೆ, ಕಲ್ಲೂ ಹಣವೇ, ಬೆಲೆಯೇರುವುದು ಎನ್ನುವನು. ಹಣವೇ ಆದರೆ ನಗದಿನ ಮಿತಿಯೊಳಗೆ ಅದನ್ನೇಕೆ ಸೇರಿಸಲಿಲ್ಲ ಎಂದು ಆಕೆ ಕೇಳಿದಲ್ಲಿ, ಹಣವಲ್ಲ, ಬರಿಯ ಕಲ್ಲು ಎನ್ನುವನು. ಒಂದು ವಸ್ತುವು ಬೆಳಗ್ಗೆ ಹಣವೂ ಸಂಜೆ ಕಲ್ಲೂ ಆಗುವುದಾದರೆ ಅದರ ಲೆಕ್ಕವನ್ನು ಎಲ್ಲಿ ಬರೆಯಬೇಕು? ಉಮಾಸ್ವಾಮಿಗಳು ಪರಿಗ್ರಹದ ಲಕ್ಷಣವನ್ನು ವಸ್ತುವಿನಲ್ಲಿ ಹೇಳದೆ ಮೂರ್ಛೆಯಲ್ಲಿ, ಅಂದರೆ 'ನನ್ನದು' ಎಂಬ ಮಮತೆಯಲ್ಲಿ ಹೇಳಿರುವುದರ ಪ್ರಯೋಜನವು ಇಲ್ಲಿದೆ. ಹತ್ತರ ಪಟ್ಟಿಯಿಂದ ನುಸುಳಿದ ಕಲ್ಲು ಹದಿನಾಲ್ಕು ಅಂತರಂಗ ಪರಿಗ್ರಹಗಳ ಪಟ್ಟಿಯಲ್ಲಿ ಲೋಭವೆಂದೂ ರತಿಯೆಂದೂ ಸಿಕ್ಕಿಬೀಳುತ್ತದೆ. ಬೆಲೆಯನ್ನು ಬರೆಯಬೇಕಾದರೆ ಕೊಂಡ ಬೆಲೆಯನ್ನೂ ಅಲ್ಲ, ಪೇಟೆಯ ಬೆಲೆಯನ್ನೂ ಅಲ್ಲ. ಎಷ್ಟು ಕೊಟ್ಟರೂ ಮಾರೆನೆಂದು ಆತನು ನಿರಾಕರಿಸಿದ ಬೆಲೆಯನ್ನೇ ಬರೆಯತಕ್ಕದ್ದು.

ಇದಕ್ಕಿಂತಲೂ ತೀಕ್ಷ್ಣವಾದ ಪ್ರಶ್ನೆ ಅಚೌರ್ಯವ್ರತದ್ದು. ಕಳ್ಳನು ತಂದುದನ್ನು ಕೊಳ್ಳುವುದು ತದಾಹೃತಾದಾನವೆಂಬ ಅತಿಚಾರ. ಹಳೆಯ ವಸ್ತುವಿನ ಮೂಲವನ್ನು ವಿಚಾರಿಸುತ್ತ ಹೋದರೆ ಅನೇಕ ಸಲ ಕೊನೆಗೆ ಕೊಳ್ಳೆಯೇ ಕಾಣಿಸುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಾಗ ಟಿಪ್ಪುವಿನ ಅರಮನೆಯಿಂದ ಹೋದ ಖಡ್ಗವೊಂದನ್ನು ಗೆದ್ದ ಸೈನ್ಯವು ತನ್ನ ಸೇನಾನಿ ಬೇಯರ್ಡನಿಗೆ ಕಾಣಿಕೆಯಾಗಿತ್ತಿತು. 2023ರ ಮೇ 23ರಂದು ಲಂಡನ್ನಿನ ಬೊನ್‌ಹ್ಯಾಮ್ಸ್ ಹರಾಜಿನಲ್ಲಿ ಅದು 1 ಕೋಟಿ 40 ಲಕ್ಷ ಪೌಂಡಿಗೂ ಮೇಲ್ಪಟ್ಟು ಹೋಯಿತು. ಪಿಪ್ರಾಹ್ವಾದ ಸ್ತೂಪದಿಂದ 1898ರಲ್ಲಿ ತೆಗೆಯಲ್ಪಟ್ಟು, ಬುದ್ಧನ ಅಸ್ಥಿಯೊಡನಿದ್ದ ರತ್ನಗಳ ಒಂದು ಭಾಗವು ಅಗೆಯಿಸಿದ ಆಂಗ್ಲ ಜಮೀನುದಾರನ ವಂಶದಲ್ಲಿ ಉಳಿದು, 2025ರ ಮೇ ತಿಂಗಳಲ್ಲಿ ಹಾಂಗ್‌ಕಾಂಗಿನ ಹರಾಜಿಗೆ ಬಂದಿತು. ಭಾರತ ಸರ್ಕಾರವು ಆಕ್ಷೇಪಿಸಿದುದರಿಂದ ಮಾರಾಟವು ನಿಂತು, ಅದೇ ವರ್ಷ ಜುಲೈಯಲ್ಲಿ ಅವು ದೇಶಕ್ಕೆ ಮರಳಿದುವು. ಭಕ್ತರು ಅಸ್ಥಿಯೊಡನೆ ಮಣ್ಣಿಗೊಪ್ಪಿಸಿದ ದಾನವು ಮಾರಾಟದ ಪಟ್ಟಿಯಲ್ಲಿ ಒಂದು ಕ್ರಮಸಂಖ್ಯೆಯಾಗಿತ್ತು.

ಜೈನಮನೆಗಳಿಗೆ ಇದು ದೂರದ ಸುದ್ದಿಯಲ್ಲ. 2013ರ ಜುಲೈಯಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಿಂದ ಜಿನಬಿಂಬಗಳು ಕಳುವಾದುವು. ಕೃಷ್ಣರಾಜನಗರದ ಕಡೆಯ ಚಿಕ್ಕಹನಸೋಗೆಯಂತೆ ಒಂದು ಕಾಲಕ್ಕೆ ಬಸದಿಗಳಿಂದ ತುಂಬಿದ್ದು, ಪೂಜಿಸುವ ಮನೆಗಳು ಕಡಮೆಯಾದ ಊರುಗಳು ಎಷ್ಟಿಲ್ಲ! ಲಂಡನ್, ನ್ಯೂಯಾರ್ಕುಗಳ ಹರಾಜಿನಲ್ಲಿ ಕರ್ನಾಟಕದ ಕಂಚಿನ ಜಿನಬಿಂಬಗಳು ಮಾರಾಟವಾಗಿವೆ. ಮ್ಲೇಚ್ಛರ ಕೈಗೆ ಹೋಗುವುದಕ್ಕಿಂತ ತಾನೇ ಕೊಂಡು ಮನೆಯಲ್ಲಿ ಪೂಜಿಸುವುದು ಪುಣ್ಯವೆಂದು ಶ್ರಾವಕನಿಗೆ ತೋರುವುದು ಸಹಜ. ಆ ಭಕ್ತಿಯು ನಿಜವೇ ಇರಬಹುದು. ಆದರೆ ಆ ಹಣವು ಮುಂದಿನ ಬಸದಿಯ ಬೀಗವನ್ನು ಒಡೆಯುವವನ ಕೂಲಿಯಾಗುತ್ತದೆ. 1972ರ ಪುರಾತನ ವಸ್ತುಗಳ ಕಾಯಿದೆಯು 100 ವರ್ಷಕ್ಕೆ ಮೇಲ್ಪಟ್ಟ ಶಿಲ್ಪಗಳನ್ನೂ, 75 ವರ್ಷ ಮೀರಿದ ಮೌಲಿಕ ಹಸ್ತಪ್ರತಿಗಳನ್ನೂ ತನ್ನ ಅಧೀನಕ್ಕೆ ತಂದಿದೆ. ಪರವಾನಗಿಯಿಲ್ಲದೆ ಅವುಗಳ ವ್ಯಾಪಾರವಿಲ್ಲ, ಖಾಸಗಿಯಾಗಿ ಹೊರದೇಶಕ್ಕೆ ರಫ್ತಿಲ್ಲ. ಮೂಲವು ತಿಳಿಯದ ಬಿಂಬವು ಕಣ್ಣಿಗೆ ಬಿದ್ದಾಗ ಪೊಲೀಸರಿಗೂ ಪುರಾತತ್ತ್ವ ಇಲಾಖೆಗೂ ಸಮೀಪದ ಮಠಕ್ಕೂ ತಿಳಿಸುವುದೇ ಆ ಬಿಂಬಕ್ಕೆ ಸಲ್ಲುವ ಮೊದಲ ಪೂಜೆ.

ಬಂಗಲೆಯ ಸಾಮಾನುಗಳಲ್ಲಿ ಹುಲಿಚಿರತೆಗಳ ತಲೆಗಳೂ ಬರುವುದುಂಟು. 1999ರವರೆಗೆ ನಡೆದ ಮೈಸೂರಿನ ವಾನ್ ಇಂಗೆನ್ ಕಾರ್ಖಾನೆಯಲ್ಲಿ ತುಂಬಿದ ತಲೆಗಳನ್ನು ಹೊರದೇಶಗಳಲ್ಲಿ ಇಂದಿಗೂ ಹೆಸರು ಹೇಳಿ ಕೂಗುತ್ತಾರೆ. ನಮ್ಮ ದೇಶದಲ್ಲಿ ವನ್ಯಜೀವಿ ಕಾಯಿದೆಯು ಅಂತಹ ಚರ್ಮ, ತಲೆ, ದಂತಗಳ ಮಾರಾಟವನ್ನು ನಿಷೇಧಿಸಿದೆ. ಶ್ರಾವಕನಿಗೆ ಕಾಯಿದೆಯ ಮಾತನ್ನು ಹೇಳಬೇಕಾಗಿ ಬರುವುದೇ ನಾಚಿಕೆಗೇಡು.

ಈ ವ್ಯಾಪಾರದ ಒಂದು ವಿಚಿತ್ರವನ್ನು ಹೇಳದೆ ಬಿಡಲಾಗದು. ಖನಿಜದ ಮಾದರಿಯೊಂದಿಗೆ ಅದರ ಹಿಂದಿನ ಒಡೆಯರ ಚೀಟಿಗಳೂ ಬರುತ್ತವೆ. ಎಲ್ಲಿ ದೊರೆಯಿತು, ಯಾರಿಂದ ಯಾರಿಗೆ ಹೋಯಿತೆಂದು ಹಳೆಯ ಮಸಿಯಲ್ಲಿ ಬರೆದ ಚೀಟಿಗಳು ಹೆಚ್ಚಿದಷ್ಟೂ ಕಲ್ಲಿನ ಬೆಲೆ ಹೆಚ್ಚು. ಕೊಂಡವನು ಆ ಚೀಟಿಗಳ ಕೆಳಗೆ ತನ್ನದನ್ನೂ ಇಡುವನು. ಆದಿಪುರಾಣವನ್ನು ಕೇಳಿ ಬಲ್ಲವರಿಗೆ ಇಲ್ಲಿ ಭರತೇಶನ ನೆನಪಾಗದಿರದು. ಷಟ್ಖಂಡವನ್ನು ಗೆದ್ದು ವೃಷಭಾಚಲಕ್ಕೆ ಬಂದ ಚಕ್ರವರ್ತಿಯು ತನ್ನ ಹೆಸರನ್ನು ಬರೆಯಲು ಕಾಕಿಣೀರತ್ನವನ್ನು ಕೈಗೆತ್ತಿಕೊಂಡನು. ಬೆಟ್ಟದ ಮೈಯಲ್ಲಿ ಎಡೆಯೇ ಇರಲಿಲ್ಲ. ಈ ನೆಲವನ್ನು ಮೊದಲು ಗೆದ್ದವರು ತಾವೇ ಎಂದುಕೊಂಡಿದ್ದ ಅಸಂಖ್ಯ ಚಕ್ರವರ್ತಿಗಳ ಹೆಸರುಗಳು ಅಲ್ಲಿ ಕಿಕ್ಕಿರಿದಿದ್ದುವು. ಅವನ ಗರ್ವವು ಆಗ ಮುರಿಯಿತೆಂದು ಪುರಾಣಕಾರರು ಹೇಳುತ್ತಾರೆ. ಮುರಿದರೂ ಆತನು ಹಿಂದಿರುಗಲಿಲ್ಲ. ಹಿಂದಿನವನೊಬ್ಬನ ಹೆಸರನ್ನಳಿಸಿ ತನ್ನದನ್ನು ಬರೆದನು. ತಿಳಿವು ಬಂದ ಕೈಯೂ ಬರೆಯದೆ ಬಿಡಲಿಲ್ಲವೆಂಬುದೇ ಆ ಪ್ರಸಂಗದ ಸೂಕ್ಷ್ಮ. ಅವನ ತಮ್ಮನಾದರೋ ಗೆದ್ದ ನೆಲವನ್ನೇ ಅಣ್ಣನಿಗೆ ಬಿಟ್ಟು ನಿಂತನು. ಹುಣಸೂರು ತಾಲ್ಲೂಕಿನ ಬಿಳಿಕೆರೆಯ ಬಳಿ ಗೊಮ್ಮಟಗಿರಿಯ ಬಂಡೆಯ ಮೇಲೆ ಸುಮಾರು 18 ಅಡಿಯ ಬಾಹುಬಲಿಯು, ಕಳೆದ ಶತಮಾನದ ನಡುಗಾಲದವರೆಗೂ ಹೊರಗಿನವರ ಗಮನಕ್ಕೆ ಅಷ್ಟಾಗಿ ಬಾರದೆ, ಹಾಗೆಯೇ ನಿಂತಿದ್ದನು.

ಬಸದಿಗಳಲ್ಲಿಯೂ ಸವಾಲು ಕೂಗುವುದಿಲ್ಲವೇ, ಅಭಿಷೇಕದ ಮೊದಲ ಕಲಶಕ್ಕೆ ಲಕ್ಷಗಟ್ಟಲೆ ಏರಿಸುವುದಿಲ್ಲವೇ ಎಂದು ಕೇಳುವವರುಂಟು. ಪ್ರಶ್ನೆಯು ನ್ಯಾಯವಾದುದು. ಅಲ್ಲಿಯೂ ಮಾನಕಷಾಯವು ನುಗ್ಗುವುದು, ಹೆಸರನ್ನು ಧ್ವನಿವರ್ಧಕದಲ್ಲಿ ಎರಡು ಸಲ ಹೇಳಿಸಿಕೊಳ್ಳುವ ಆಸೆಯೂ ಹುಟ್ಟುವುದು, ಅದನ್ನು ಮರೆಮಾಚಬೇಕಾದುದಿಲ್ಲ. ಆದರೂ ಒಂದು ವ್ಯತ್ಯಾಸವಿದೆ. ಕಲಶವನ್ನು ಗೆದ್ದವನು ಅದನ್ನು ಕೂಡಲೇ ಬರಿದು ಮಾಡಬೇಕು. ನೀರು ಬಿಂಬದ ಮೇಲಿಂದ ಹರಿದು ಹೋಗುತ್ತದೆ; ಗೆದ್ದವನು ಗಂಧೋದಕವನ್ನು ಹಣೆಗೊತ್ತಿಕೊಂಡು, ಸೋತವನ ಜೊತೆಯಲ್ಲಿಯೇ ಬರಿಗೈಯಲ್ಲಿ ಮೆಟ್ಟಲಿಳಿಯುವನು.

ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಉತ್ತಮ ಶೌಚದ ದಿನವೂ ಉತ್ತಮ ಆಕಿಂಚನ್ಯದ ದಿನವೂ ಅನೇಕರು ಉಪವಾಸವಿರುತ್ತಾರೆ. ಕಷಾಯ, ವಿಷಯ, ಆಹಾರ ಈ ಮೂರನ್ನೂ ಬಿಟ್ಟರೆ ಅದು ಉಪವಾಸ. ಕೊನೆಯದೊಂದನ್ನೇ ಬಿಟ್ಟರೆ ಅದು ಲಂಘನವೆಂಬುದು ಶಾಸ್ತ್ರಕಾರರ ನಿರ್ಣಯ. ಈಗ ಹರಾಜಿಗೆ ಊರು ಬಿಟ್ಟು ಹೋಗಬೇಕಾದುದಿಲ್ಲ. ಕೈಯಲ್ಲಿರುವ ಫೋನಿನಲ್ಲಿಯೇ ಸವಾಲು ಕೂಗಬಹುದು. ನೀರನ್ನೂ ಮುಟ್ಟದೆ ಕುಳಿತವನ ಹೆಬ್ಬೆರಳು ಹೊದಿಕೆಯೊಳಗೆ ಕುರುಂದದ ಹರಳಿಗೆ ಬೆಲೆಯೇರಿಸುತ್ತಿರಬಹುದು. ಆದುದರಿಂದ ವ್ರತವನ್ನು ಪಡೆಯುವಾಗ ಮೂರು ಸಂಗತಿಗಳನ್ನು ಪುಸ್ತಕದಲ್ಲಿ ಸೇರಿಸುವುದು ಒಳಿತು. ಸಂಗ್ರಹದ ವಸ್ತುಗಳಿಗೆ ಎಣಿಕೆಯ ಮಿತಿ; ಪರ್ವದಿನಗಳಲ್ಲಿ ಯಾವ ಸವಾಲಿನಲ್ಲಿಯೂ ಭಾಗವಹಿಸದ ನಿಯಮ; ಮಿತಿಯನ್ನು ಮೀರಿ ಪಿತ್ರಾರ್ಜಿತವಾಗಿ ಬಂದುದನ್ನು ಇಷ್ಟು ತಿಂಗಳೊಳಗೆ ವಿನಿಯೋಗಿಸುವೆನೆಂಬ ಸಂಕಲ್ಪ. ಊರು, ಹಳ್ಳಗಳ ಹೆಸರು ಬರೆದ ಚೀಟಿಯಿರುವ ಖನಿಜಗಳು ಶಾಲೆಕಾಲೇಜುಗಳ ಪಾಠಕ್ಕೆ, ಮಾನಸಗಂಗೋತ್ರಿಯ ಭೂವಿಜ್ಞಾನದ ವಿದ್ಯಾರ್ಥಿಗಳಿಗೆ ಉಪಯೋಗವಾಗುತ್ತವೆ. ಕೊಡುವಾಗ ಚೀಟಿಗಳನ್ನು ಕಳಚದೆ ಕೊಡಬೇಕು. ಎಣಿಕೆಯ ಅಂಕಿಯನ್ನು ಪಂಚಮಿಗೆ ಮುಂಚೆಯೇ, ಮುಂದಿನ ಹರಾಜಿನ ಪಟ್ಟಿಯು ಮನೆಗೆ ಬರುವುದಕ್ಕಿಂತ ಮೊದಲು, ಮನೆಯವರೆಲ್ಲರೂ ಕುಳಿತಿರುವಾಗ ಬರೆಯತಕ್ಕದ್ದು.