ಜಾಮೀನಿಗೆ ಯಾರು?

ಪರವೂರಿನಲ್ಲಿ ದುಡಿಯುವವನು ಪೊಲೀಸರ ಕೈಗೆ ಸಿಕ್ಕರೆ ಶ್ಯೂರಿಟಿ ನಿಲ್ಲೋರು ಯಾರು? ಮುಂಬಯಿಯಲ್ಲಿ ನನ್ನ ಮೊದಲ ಖೋಲಿಗೇ ಊರಿನವರೊಬ್ಬರು ಮಾತು ಕೊಡಬೇಕಾಯಿತು. ಜೈಲಿನ ಮಾತಂತೂ ದೂರ.

ಧಾರವಾಡದ ಅಣ್ಣನ ಮಗಳು ಮೊನ್ನೆ ಕೇಳಿದಳು: "ಕಾಕಾ, ಡಿಗ್ರಿ ಮುಗದ ಮ್ಯಾಲ ದೇವನಾರದ ಟಾಟಾ ಸಂಸ್ಥೆಯೊಳಗ ಕ್ರಿಮಿನಾಲಜಿ ಓದ್ಲೇನು?" ಅಣ್ಣನದು ಒಂದೇ ತಕರಾರು: "ಕಳ್ಳರ ಸಹವಾಸಕ್ಕ ಅಷ್ಟು ದೂರ ಯಾಕ?"

ಒಳಗಿರುವವರೆಲ್ಲ ಕಳ್ಳರೆಂದು ಅಣ್ಣ ತೀರ್ಪು ಕೊಟ್ಟಾಗಿದೆ. ಆದರೆ 2022ರ ಸರಕಾರಿ ಲೆಕ್ಕದಲ್ಲಿ ದೇಶದ ಕೈದಿಗಳಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಜನ ವಿಚಾರಣಾಧೀನರು. ಜಾಮೀನು ಮಂಜೂರಾದರೂ ಕಟ್ಟಲು ದುಡ್ಡಿಲ್ಲದೆ, ನಿಲ್ಲಲು ಜನವಿಲ್ಲದೆ ಒಳಗೇ ಉಳಿಯುವವರುಂಟು. 1990ರಲ್ಲಿ ಆ ಸಂಸ್ಥೆ ಶುರುಮಾಡಿದ 'ಪ್ರಯಾಸ್' ಇಂಥವರ ನಡುವೆಯೇ ಕೆಲಸ ಮಾಡಿದೆ. ಅದಕ್ಕೇ ಅರ್ಜಿ ಹಾಕು ಅಂದೆ. ಪೊಲೀಸ್ ನೌಕರಿಯ ಆಸೆಗಾದರೆ ಬೇಡ, ಅದಕ್ಕೆ ಬೇರೆ ಪರೀಕ್ಷೆಯೇ ಇದೆ.

ಒಂದು ಮಾತು ಮಾತ್ರ ನನ್ನನ್ನು ಕಾಡುತ್ತದೆ. ಕೈದಿಯ ಕಷ್ಟ ಕೇಳುತ್ತ ಕೇಳುತ್ತ, ಅವನಿಂದ ಏಟು ತಿಂದವನ ಮನೆಯ ದಾರಿ ಮರೆತುಹೋದರೆ? ಆ ಮನೆಯವರಿಗೂ ಹೇಳಿಕೊಳ್ಳುವುದಿರುತ್ತದೆ. ಅವರ ಬಾಗಿಲು ತಟ್ಟುವುದನ್ನು ಯಾವ ಸಿಲೆಬಸ್ಸು ಕಲಿಸೀತೋ, ಪ್ರವೇಶಕ್ಕೆ ಮೊದಲು ಅವಳೇ ವಿಚಾರಿಸಲಿ.